ಹುಲ್ಲು ಬೆಳೆಸಿದ್ದೀಯ, ಹಸು ಎಲ್ಲಿ?

2024ರ ಯುಗಾದಿಗೆ ಊರಿಂದ ಬಂದ ಅಮ್ಮ ಗೇಟು ದಾಟಿದವಳೇ ಚೀಲ ಕೆಳಗಿಟ್ಟಳು. ಬೆಂಗಳೂರಿನ ನಮ್ಮ ಮನೆ ಮುಂದಿನ ಮುನ್ನೂರು ಚದರ ಅಡಿಯನ್ನು ಒಂದು ಸಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹುಲ್ಲು ಬೆಳೆಸಿದ್ದೀಯ, ಸರಿ. ಹಸು ಎಲ್ಲಿ?"

ಇದು ಲಾನು, ನೋಡೋಕೆ ಅಂತ ಹಾಕಿಸಿದ್ದು, ಸಂಜೆ ಕುರ್ಚಿ ಹಾಕ್ಕೊಂಡು ಕೂತ್ಕೋಬಹುದು ಅಂತೆಲ್ಲ ಹೇಳಿದೆ. ಅವಳು ಬಗ್ಗಿ ಒಂದು ಹಿಡಿ ಕಿತ್ತಳು. ಕೈಗೆ ಬಂದದ್ದು ಕಾಫಿಪುಡಿ ಬಣ್ಣದ್ದು. ಮೂಸಿ ನೋಡಿ, "ಇದನ್ನ ಹಸೂನೂ ಮುಟ್ಟಲ್ಲ ಬಿಡು" ಅಂತ ಒಳಗೆ ಹೋದಳು.

ಬೇಜಾರಾಯಿತು. ಯಾಕಂದ್ರೆ ಆ ಕಾಫಿಪುಡಿ ಬಣ್ಣ ಬರಿಸೋಕೆ ನಾನು ಹತ್ತು ತಿಂಗಳು ಕಷ್ಟಪಟ್ಟಿದ್ದೆ.

ಶುರುವಾದದ್ದು 2023ರ ಜೂನಿನಲ್ಲಿ. ಮನೆ ಮುಂದಿನ ಜಾಗಕ್ಕೆ ಕರಿಬೇವು, ದಾಸವಾಳ, ಎರಡು ಸಾಲು ಸೊಪ್ಪು ಹಾಕೋಣ ಅಂತ ನನ್ನ ಹೆಂಡತಿ. ನನಗೆ ಲಾನೇ ಬೇಕು. ಮಳೆಗಾಲ ಹಿಡಿಯುವ ಮುಂಚೆ ಹಾಕಿಸಿದರೆ ನೀರಿನ ಖರ್ಚಿಲ್ಲ, ಬೇರು ತಾನಾಗಿ ಹಿಡಿಯುತ್ತೆ ಅಂತ ಎಲ್ಲೋ ಓದಿದ್ದೆ. ಓದಿದ್ದು ಸರಿಯಾಗೇ ಇತ್ತು. ವರ್ಷ ಮಾತ್ರ ಸರಿಯಿರಲಿಲ್ಲ. ರಾಜ್ಯದ ಹೆಚ್ಚುಕಮ್ಮಿ ಎಲ್ಲ ತಾಲ್ಲೂಕುಗಳನ್ನೂ ಬರಪೀಡಿತ ಅಂತ ಸರ್ಕಾರ ಸಾರಿದ ವರ್ಷವನ್ನೇ ಹುಡುಕಿ ನಾನು ಹುಲ್ಲು ಹಾಸಿಸಿದ್ದೆ.

ಮಾಲಿ ಗೋಣಿಚೀಲದಲ್ಲಿ ಹುಲ್ಲಿನ ಚೌಕಗಳನ್ನು ತಂದ. "ಮೆಕ್ಸಿಕನ್ ಸರ್. ಬೆಸ್ಟು."

"ಮೆಕ್ಸಿಕೋದಿಂದ ಬರುತ್ತಾ?"

"ಹೆಸರಷ್ಟೇ ಸರ್. ಮಾಲು ಹೊಸಕೋಟೆದು."

ಹಾಸುವ ಮುಂಚೆ ನೆಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕಬೇಕು. ಚೆನ್ನಾಗಿ ಕಳಿತದ್ದೇ ಆಗಬೇಕು, ಹಸಿದು ಬೇಡ ಅಂತ ಮಾಲಿ ಹೇಳಿದ್ದ. ನಾನು ಅರ್ಧ ದುಡ್ಡಿಗೆ ಸಿಕ್ತು ಅಂತ ಹಸಿದೇ ತರಿಸಿದೆ. ಹಸುವಿನ ಹೊಟ್ಟೆಯಲ್ಲಿ ಎಷ್ಟೋ ಬೀಜಗಳು ಅರಗದೆ ಹಾಗೇ ಹೊರಗೆ ಬರುತ್ತವೆ. ಗೊಬ್ಬರ ಗುಂಡಿಯಲ್ಲಿ ತಿಂಗಳುಗಟ್ಟಲೆ ಕುದ್ದರೆ ಮಾತ್ರ ಅವು ಸಾಯೋದು. ಇದು ನನಗೆ ಗೊತ್ತಾದದ್ದು ಇಪ್ಪತ್ತು ದಿನದ ನಂತರ. ಆ ಹಸು ಹೋದ ವರ್ಷದಿಂದ ಏನೇನು ತಿಂದಿತ್ತು ಅನ್ನೋದರ ಪೂರ್ತಿ ಪಟ್ಟಿ ನಮ್ಮ ಲಾನಿನಲ್ಲಿ ಚಿಗುರಿತು. ರಾಗಿ ಬಂತು. ಅಣ್ಣೆ ಸೊಪ್ಪು ಬಂತು. ಒಂದು ಮೂಲೆಯಲ್ಲಿ ಕುಂಬಳ. ನಡುವೆ ಅಲ್ಲಲ್ಲಿ ಮೆಕ್ಸಿಕನ್.

ಟೊಮೇಟೊ ಸಸಿಗಳೂ ಹದಿನಾಲ್ಕು ಇದ್ದವು. ಕೀಳೋಕೆ ಹೋದೆ. ಹೆಂಡತಿ ಅಡ್ಡ ನಿಂತಳು. ನೆನಪಿದೆಯಲ್ಲ, ಆ ಜುಲೈಯಲ್ಲಿ ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಪೇಪರಿನಲ್ಲಿ ದಿನಾ ಟೊಮೇಟೊ ಕಳ್ಳತನದ ಸುದ್ದಿ. "ಒಂದು ಗಿಡ ಮುಟ್ಟಿದ್ರೂ ನೋಡಿ" ಅಂದಳು. ಮುಟ್ಟಲಿಲ್ಲ. ಎರಡು ತಿಂಗಳು ನಮ್ಮ ಲಾನು ಟೊಮೇಟೊ ತೋಟವಾಗಿ ಉಳಿಯಿತು. ಬಂದ ನೆಂಟರಿಗೆಲ್ಲ "ಹುಷಾರು, ಗಿಡ ತುಳೀಬೇಡಿ" ಅಂತ ಅವಳೇ ದಾರಿ ತೋರಿಸುತ್ತಿದ್ದಳು. ಕಾಯಿ ಹಣ್ಣಾಗುವ ಹೊತ್ತಿಗೆ ಬೆಲೆ ಬಿದ್ದುಹೋಗಿತ್ತು. ಹಣ್ಣಾದದ್ದೂ ಒಂಬತ್ತೇ. ಅದರಲ್ಲಿ ಎರಡನ್ನು ಇಣಚಿ ತಿಂದಿತು.

ಟೊಮೇಟೊ ಹೋದ ಮೇಲೆ ಜೇಕು ಬಂತು. ಜೇಕಿನ ಗುಣ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೇಲೆ ಎಳೆದರೆ ಎಲೆ ಸಲೀಸಾಗಿ ಕೈಗೆ ಬರುತ್ತೆ, ಕಿತ್ತೆವು ಅಂತ ಖುಷಿಯಾಗುತ್ತೆ. ಗಡ್ಡೆ ಕೆಳಗೇ ಇರುತ್ತೆ. ಒಂದು ಗಡ್ಡೆಗೆ ಇನ್ನೊಂದು, ಅದಕ್ಕೆ ಮತ್ತೊಂದು, ಮಣ್ಣೊಳಗೆ ಸರಪಳಿ. ಆಯುರ್ವೇದದ ಅಂಗಡಿಯಲ್ಲಿ ಇದೇ ಗಡ್ಡೆಯನ್ನು ಭದ್ರಮುಷ್ಟಿ ಅಂತ ದುಡ್ಡು ಕೊಟ್ಟು ತಗೋಬೇಕು. ಪ್ರಪಂಚದ ಅತಿ ಕೆಟ್ಟ ಕಳೆಗಳು ಅಂತ ವಿಜ್ಞಾನಿಗಳು 1977ರಲ್ಲಿ ಒಂದು ಪಟ್ಟಿ ಮಾಡಿದ್ದರು. ಅದರಲ್ಲಿ ಜೇಕಿಗೆ ಮೊದಲ ಸ್ಥಾನ, ಗರಿಕೆಗೆ ಎರಡನೆಯದು. ಎರಡೂ ನಮ್ಮ ಮನೆಯಲ್ಲೇ ಇದ್ದವು. ಒಲಿಂಪಿಕ್ಸಿನಲ್ಲಿ ಆಗದ್ದು ಮುನ್ನೂರು ಚದರ ಅಡಿಯಲ್ಲಿ ಆಗಿತ್ತು.

ಭಾನುವಾರಗಳೆಲ್ಲ ಕುಕ್ಕರುಗಾಲಲ್ಲಿ ಕಳೆದವು. ಗರಿಕೆ ಕಿತ್ತು ಕಿತ್ತು ಬೆರಳಿನ ಸಂದಿಯಲ್ಲಿ ಹಸಿರು ಕಲೆ ಉಳಿದೇ ಹೋಯಿತು. ಕಿತ್ತದ್ದನ್ನು ಕಾಂಪೌಂಡಿನ ಪಕ್ಕ ರಾಶಿ ಹಾಕಿದರೆ, ರಾಶಿಯೂ ಬೇರು ಬಿಟ್ಟಿತು.

ನವೆಂಬರಿನಲ್ಲಿ ಹುಲ್ಲು ಹಳದಿ ತಿರುಗತೊಡಗಿತು. ಯೂರಿಯಾ ಹಾಕಿ ಅಂತ ಆಫೀಸಿನ ಗೆಳೆಯ ಹೇಳಿದ. ಒಂದು ಬಕೆಟ್ ನೀರಿಗೆ ಒಂದು ಚಮಚ ಕದಡಿ ಚಿಮುಕಿಸಬೇಕು, ಹಿಂದೇನೇ ನೀರು ಹಾಯಿಸಬೇಕು ಅನ್ನೋದನ್ನೂ ಹೇಳಿದನಂತೆ. ನನಗೆ ಕೇಳಿಸಲಿಲ್ಲ. ಭಾನುವಾರ ನಡುಮಧ್ಯಾಹ್ನ, ಸುಡು ಬಿಸಿಲಲ್ಲಿ, ಮಡಿಲಿಗೆ ಎರಡು ಕೆಜಿ ಹಾಕ್ಕೊಂಡು ಅಪ್ಪ ಹೊಲದಲ್ಲಿ ರಾಗಿ ಚೆಲ್ಲುತ್ತಿದ್ದ ಹಾಗೇ ಬೀಸಿ ಬೀಸಿ ಎರಚಿದೆ. ಯೂರಿಯಾದಲ್ಲಿ 46 ಪರ್ಸೆಂಟು ಸಾರಜನಕ. ಒಣ ನೆಲದ ಮೇಲೆ ಅಷ್ಟು ಬಿದ್ದರೆ ಅದು ಗೊಬ್ಬರ ಅಲ್ಲ, ಬೆಂಕಿ. ಮೂರನೇ ದಿನಕ್ಕೆ ನನ್ನ ಕೈ ಎಲ್ಲೆಲ್ಲಿ ಬೀಸಿತ್ತು ಅನ್ನೋದು ಲಾನಿನ ಮೇಲೆ ಅಚ್ಚಾಗಿತ್ತು. ಕಂದು ಬಣ್ಣದ ಕಾಮನಬಿಲ್ಲುಗಳು, ಒಂದರ ಪಕ್ಕ ಒಂದು. ಎದುರು ಮನೆಯ ಮೇಲಿನ ಮಹಡಿಯವರು ಬಾಲ್ಕನಿಯಿಂದ ಬಗ್ಗಿ ನೋಡಿ, "ಡಿಸೈನು ಚೆನ್ನಾಗಿದೆ ಸಾರ್, ಯಾರ ಹತ್ರ ಮಾಡಿಸಿದ್ರಿ?" ಅಂತ ಕೇಳಿದರು. ತಮಾಷೆ ಮಾಡಿದ್ದಲ್ಲ ಅವರು, ನಿಜವಾಗಿ ಕೇಳಿದ್ದು.

ಆಮೇಲೆ 2024ರ ಮಾರ್ಚ್. ಬೋರುಗಳು ಬತ್ತಿದವು, ಟ್ಯಾಂಕರಿಗೆ ಕ್ಯೂ. ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನಾನೇನೂ ಕಾವೇರಿ ನೀರು ಹಾಕುತ್ತಿರಲಿಲ್ಲ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ವಾಷಿಂಗ್ ಮೆಷಿನ್ನಿನದ್ದು. ಮೆಷಿನ್ನಿನ ನೀರು ಒಂದೇ ಸಲಕ್ಕೆ ನಿಲ್ಲಿಸಿದೆ, ಲಾನಿನ ಮೇಲೆ ನೊರೆ ನಿಂತು ಬೀದಿ ಮಕ್ಕಳೆಲ್ಲ ಬಂದು ಕುಣಿದವು. ಆದರೆ ಇಡೀ ಬೀದಿ ಬಕೆಟ್ ಹಿಡಿದು ಟ್ಯಾಂಕರಿಗೆ ಕಾಯುವಾಗ, ಹುಲ್ಲಿನ ಪಕ್ಕ ಬಕೆಟ್ ಹಿಡಿದು ನಿಂತವನ ಮಾತನ್ನು ಯಾರು ನಂಬುತ್ತಾರೆ? ಹಾಗಾಗಿ ರಾತ್ರಿ ಹಾಕುತ್ತಿದ್ದೆ.

ಒಂದು ರಾತ್ರಿ ಹನ್ನೊಂದೂವರೆ. ದೀಪ ಆರಿಸಿದ್ದೆ. ಲುಂಗಿ ಮೇಲೆ ಕಟ್ಟಿ, ಸದ್ದಾಗದ ಹಾಗೆ ಮಗ್ಗಿನಿಂದ ಹನಿ ಹನಿ ಬಿಡುತ್ತಾ, ಕಾಂಪೌಂಡಿನ ಬುಡದಲ್ಲಿ ಬಗ್ಗಿ ಬಗ್ಗಿ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದೆ. ಪಕ್ಕದ ಮನೆಯಿಂದ ಟಾರ್ಚು ಬೆನ್ನಿಗೆ ಬಿತ್ತು.

"ಯಾರದು?"

ನಾನು ಹೆಸರು ಹೇಳಬೇಕಿತ್ತು. ಬಾಯಿಗೆ ಬಂದದ್ದು, "ಬೇಳೆ ನೀರು!"

ಪಕ್ಕದ ಮನೆಯವರು ನಿವೃತ್ತ ಮೇಷ್ಟ್ರು. ಬನಿಯನ್ನಿನಲ್ಲೇ ಗೇಟು ತೆಗೆದು ಬಂದರು. ಬಕೆಟಿಗೆ ಟಾರ್ಚು ಬಿಟ್ಟರು. ಬೆರಳು ಅದ್ದಿ ಮೂಗಿನ ಹತ್ತಿರ ಹಿಡಿದರು. ನಾನು ಉಸಿರು ಹಿಡಿದು ನಿಂತಿದ್ದೆ, ಪರೀಕ್ಷೆಯ ಪೇಪರು ವಾಪಸ್ ಕೊಡುವ ಹೊತ್ತಿನ ಹಾಗೆ.

"ತೊಗರಿ" ಅಂದರು. ಸ್ವಲ್ಪ ಯೋಚಿಸಿ, "ನಮ್ಮನೇದೂ ಇದೆ, ಚೆಲ್ಲಿಬಿಡ್ತೀವಿ. ಕಳಿಸ್ಲಾ?"

ಮಾರನೇ ದಿನದಿಂದ ನಾಲ್ಕು ಮನೆಯ ತೊಳೆದ ನೀರು ನಮ್ಮ ಗೇಟಿಗೆ ಬರತೊಡಗಿತು. ಯಾರ ಮನೆಯಲ್ಲಿ ಯಾವ ದಿನ ಅಕ್ಕಿ, ಯಾವ ದಿನ ಹೆಸರುಕಾಳು, ಯಾರ ಮನೆಯಲ್ಲಿ ಮೀನು, ಎಲ್ಲ ನನಗೆ ಗೊತ್ತಾಯಿತು. ಮೀನಿನ ನೀರಿನ ದಿನ ಬಡಾವಣೆಯ ಬೆಕ್ಕುಗಳಿಗೂ ಗೊತ್ತಾಯಿತು. ಅವು ರಾತ್ರಿಯೆಲ್ಲ ಕೆದಕಿ ಹುಡುಕಿದವು. ಇರುವೆಗಳದ್ದು ಬೇರೆ ಕಥೆ. ಹುಲ್ಲು ಮಾತ್ರ ಯಾರ ಮನೆಯ ನೀರಿಗೂ ಜಗ್ಗಲಿಲ್ಲ. ಅಮ್ಮ ಬಂದು ಮೂಸಿದ್ದು ಅದನ್ನೇ.

ಆ ಏಪ್ರಿಲ್ ಬೆಂಗಳೂರಿಗೆ ಮಳೆ ಅನ್ನೋದೇ ಇಲ್ಲ. ಅಶ್ವಿನಿ ಮಳೆ ಕೈಕೊಟ್ಟಿತು. ಭರಣಿ ಮಳೆಯಲ್ಲಿ, ಮೇ ತಿಂಗಳು ಹುಟ್ಟಿದ ಮೇಲೆ ಮೊದಲ ಹನಿ ಬಿತ್ತು. ಆಮೇಲೆ ಜೂನ್ 2ನೇ ತಾರೀಕು ಒಂದೇ ದಿನಕ್ಕೆ 111 ಮಿಲಿಮೀಟರ್ ಸುರಿಯಿತು. ಜೂನಿನ ಒಂದು ದಿನದಲ್ಲಿ ಅಷ್ಟು ಮಳೆ 133 ವರ್ಷದಲ್ಲಿ ಆಗಿರಲಿಲ್ಲವಂತೆ. ಮಗ್ಗಿನಲ್ಲಿ ಹನಿ ಹನಿ ಬಿಟ್ಟವನ ಕಣ್ಣೆದುರೇ ಲಾನು ಕೆರೆಯಾಯಿತು, ಒಂದು ಚಪ್ಪಲಿ ಗೇಟಿನ ಹೊರಗೆ ಹೊರಟಿತು. ನೀರು ಇಳಿದ ಮೇಲೆ ಸ್ವಲ್ಪ ಹಸಿರು ಕಂಡಿತು. ಖುಷಿಪಟ್ಟೆ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಹುಲ್ಲು ಎಳೆದರೆ ಚಾಪೆಯ ಹಾಗೆ ಸುರುಳಿಯಾಗಿ ಎದ್ದು ಬಂತು. ಅಡಿಯಲ್ಲಿ ಬೆಳ್ಳಗೆ, ದಪ್ಪಗೆ, ಮುದುರಿ ಮಲಗಿದ ಗೊಣ್ಣೆ ಹುಳುಗಳು, ಬೇರನ್ನೆಲ್ಲ ತಿಂದು ಮುಗಿಸಿದ್ದವು. ಬೇವಿನ ಹಿಂಡಿ ಹಾಕಿದೆ. ಕಾಗೆಗಳು ಉಳಿದ ಕೆಲಸ ಮಾಡಿದವು, ಹುಳುವಿನ ಜೊತೆಗೆ ಉಳಿದಿದ್ದ ಮೆಕ್ಸಿಕನ್ನನ್ನೂ ಕೆದಕಿ ಎತ್ತಿದವು.

ಸೆಪ್ಟೆಂಬರ್ 7ಕ್ಕೆ ಗಣೇಶನ ಹಬ್ಬ. ಅಮ್ಮ ಎರಡು ದಿನ ಮುಂಚೆಯೇ ಬಂದಳು. ಈ ಸಲ ಗೇಟಿನಲ್ಲಿ ಏನೂ ಕೇಳಲಿಲ್ಲ. ಹಬ್ಬದ ಬೆಳಿಗ್ಗೆ ಎದ್ದು ನೋಡಿದರೆ ಲಾನಿನಲ್ಲಿ ಮಣೆ ಹಾಕ್ಕೊಂಡು ಕೂತಿದ್ದಾಳೆ. ಮೆಕ್ಸಿಕನ್ ಖಾಲಿ ಮಾಡಿದ ಜಾಗದಲ್ಲೆಲ್ಲ ಗರಿಕೆ ದಟ್ಟವಾಗಿ ಹಬ್ಬಿತ್ತು. ಯಾರೂ ನೀರು ಹಾಕಿರಲಿಲ್ಲ, ಯೂರಿಯಾ ಹಾಕಿರಲಿಲ್ಲ, ಬೇಳೆ ತೊಳೆದಿರಲಿಲ್ಲ. ಅವಳು ಮೂರೆಸಳಿನ ಕುಡಿಗಳನ್ನೇ ಆರಿಸಿ, ಉಗುರಲ್ಲಿ ಚಿವುಟಿ, ಇಪ್ಪತ್ತೊಂದರ ಕಟ್ಟು ಕಟ್ಟುತ್ತಿದ್ದಳು. ಸುತ್ತ ಪಕ್ಕದ ಮನೆಯವರು, ಎದುರು ಮನೆಯವರು, ಮೀನಿನ ನೀರಿನವರು. ಮಾರ್ಕೆಟ್ಟಿನಲ್ಲಿ ಒಂದು ಕಟ್ಟಿಗೆ ಅಷ್ಟು ಹೇಳ್ತಾರೆ, ಅದೂ ಬಾಡಿದ್ದು ಅಂತ ಮಾತು. ಮೇಷ್ಟ್ರು ಒಂದು ಕಟ್ಟು ಮೂಸಿ ನೋಡಿ ತಲೆಯಾಡಿಸಿದರು. ನನ್ನ ಲಾನಿನ ಬಗ್ಗೆ ಊರವರು ಒಳ್ಳೆ ಮಾತಾಡಿದ್ದು ಅವತ್ತೇ ಮೊದಲು.

ವಾರ ಕಳೆದು ಮಾಲಿ ಬಂದ. ಲಾನಿನ ನಡುವೆ ನಿಂತು ಸೊಂಟದ ಮೇಲೆ ಕೈ ಇಟ್ಟ.

"ಮೆಕ್ಸಿಕನ್ ನಿಮ್ಮ ಮಣ್ಣಿಗೆ ಆಗಲ್ಲ ಸರ್. ಇದನ್ನೆಲ್ಲ ತೆಗೆದು ಬರ್ಮುಡಾ ಹಾಕ್ಸಿ. ಬಿಸಿಲು ತಡೆಯುತ್ತೆ, ತುಳಿದ್ರೆ ಸಾಯಲ್ಲ. ಗಾಲ್ಫ್ ಗ್ರೌಂಡಲ್ಲೆಲ್ಲ ಅದೇ."

ಬರ್ಮುಡಾ ಅಂದರೆ ನನಗೆ ಚಡ್ಡಿ ಮಾತ್ರ ಗೊತ್ತು. ಮಾಲಿ ಫೋನಿನಲ್ಲಿ ಫೋಟೊ ತೋರಿಸಿದ. ಹಚ್ಚ ಹಸಿರು, ನೀಟಾಗಿ ಕತ್ತರಿಸಿದ್ದು. ಚದರ ಅಡಿಗೆ ಇಷ್ಟು ಅಂತ ರೇಟೂ ಹೇಳಿದ. ನಾನು ಮನಸ್ಸಿನಲ್ಲೇ ಮುನ್ನೂರರಿಂದ ಗುಣಿಸುತ್ತಾ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕ್ಕೊಂಡಳು. ಫೋಟೊ ನೋಡಿದಳು. ಕೆಳಗೆ ನೆಲ ನೋಡಿದಳು. ಮತ್ತೆ ಫೋಟೊ ನೋಡಿದಳು. ನಲವತ್ತು ವರ್ಷ ರಾಗಿ ಹೊಲದಿಂದ ಗರಿಕೆ ಕಿತ್ತು ಬದುವಿಗೆ ಎಸೆದವಳು ಅವಳು.

ಫೋನು ವಾಪಸ್ ಕೊಟ್ಟು, ಮಾಲಿಯನ್ನು ಬಹಳ ಗೌರವದಿಂದ ಕೇಳಿದಳು:

"ಚದರ ಅಡಿಗೆ ಅಷ್ಟು ಕೊಟ್ಟು ಒಯ್ತೀಯೇನಪ್ಪಾ? ಊರಲ್ಲಿ ಎರಡು ಎಕರೆ ಇದೆ."