ಹಲಗೆ ಒಲ್ಲದ ಮಷೀನು

ನಮ್ಮ ಅಂಗಡಿಯ ಥಿಕ್ನೆಸ್ ಪ್ಲೇನರ್ ವಯಸ್ಸಿನಲ್ಲಿ ನನಗಿಂತ ಹಿರಿಯದು. ಬೀಡು ಕಬ್ಬಿಣದ ಮೈ, ಒಂದೇ ಮೋಟಾರು, ಅದಕ್ಕೊಂದು ಪಟ್ಟಾ, ರೋಲರ್ ತಿರುಗಿಸಲು ಒಂದು ಚೈನು. ಅಷ್ಟೇ ಸಂಸಾರ. ಈ ಕಡೆಯಿಂದ ಒರಟು ಹಲಗೆ ಕೊಟ್ಟರೆ ಆ ಕಡೆಯಿಂದ ನುಣ್ಣಗೆ, ಒಂದೇ ದಪ್ಪದಲ್ಲಿ ಹೊರಬರಬೇಕು. ಈ ಸಲ ಆಷಾಢದ ಜಿಟಿಜಿಟಿ ಮಳೆ ಧಾರವಾಡವನ್ನು ಹಿಡಿದುಕೊಂಡ ಹೊತ್ತಿಗೆ ಅದು ಹಲಗೆ ಒಲ್ಲೆ ಎಂದಿತು. ಮೂತಿ ಒಳಗೆ ಹೋಗುತ್ತದೆ, ಗರ್ ಅನ್ನುತ್ತದೆ, ನಿಂತುಬಿಡುತ್ತದೆ.

ನಿಲ್ಲುವುದಕ್ಕೂ ಒಂದು ಹೊತ್ತು ಬೇಡವಾ? ಕೈಯಲ್ಲಿ ತೊಟ್ಟಿಲ ಆರ್ಡರ್ ಇತ್ತು. ಗಿರಾಕಿಗೆ ಕಲಘಟಗಿಯ ಬಣ್ಣದ ತೊಟ್ಟಿಲ ಮೇಲೆ ಆಸೆ. ಆದರೆ ಕಿಸೆ ಸಾಲದು. ಹಾಗಾಗಿ ನಮ್ಮಲ್ಲಿ ಸಾಗವಾನಿಯ ಸಾದಾ ತೊಟ್ಟಿಲು ಹೇಳಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡು ಜನ ನಗುತ್ತಾರೆ. ಇಲ್ಲಿ ಕೂಸು ಹುಟ್ಟಿತ್ತು, ಕುಲಾವಿ ಬಂದಿತ್ತು, ಹೆಸರಿಡಲು ದಿನವೂ ಗೊತ್ತಾಗಿತ್ತು. ತೊಟ್ಟಿಲ ಹಲಗೆ ಮಾತ್ರ ಮಷೀನಿನ ಬಾಯಲ್ಲಿ ಸಿಕ್ಕಿಕೊಂಡಿತ್ತು.

ನಮ್ಮೂರಲ್ಲಿ ಮಷೀನು ಕೆಟ್ಟರೆ ಸಲಹೆಗೆ ಬರವಿಲ್ಲ. ಮೊದಲು ಬಂದವರು ವೈರಿಂಗ್ ಮಾಡುವವರು. "ವೋಲ್ಟೇಜ್ ಡಲ್ ಐತ್ರಿ" ಎಂದು ಸ್ಟಾರ್ಟರ್ ಬಿಚ್ಚಿ, ಒರೆಸಿ, ವಾಪಸ್ ಜೋಡಿಸಿದರು. ಮೂರು ಫೇಸಿನ ಮೋಟಾರಿಗೆ ಯಾವುದಾದರೂ ಎರಡು ವೈರು ಅದಲು ಬದಲಾದರೆ ಸಾಕು, ಉಲ್ಟಾ ತಿರುಗುತ್ತದೆ. ತಿರುಗಿತು. ಅಲ್ಲಿಯವರೆಗೆ ಬರೀ ಒಲ್ಲೆ ಅನ್ನುತ್ತಿದ್ದ ಮಷೀನು, ಈಗ ಕೊಟ್ಟ ಹಲಗೆಯನ್ನು ನಮ್ಮ ಕೈಗೇ ವಾಪಸ್ ಕೊಡತೊಡಗಿತು. ವೈರು ಮತ್ತೆ ಅದಲು ಬದಲಾಯಿಸಿ, ಚಹಾ ಕುಡಿದು ಹೋದರು.

ಚಹಾ ತಂದ ಹುಡುಗ, "ಯಾರ್ದೋ ಕಣ್ಣ ಬಿದ್ದೈತ್ರಿ" ಎಂದು ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ.

ಆಮೇಲೆ ಹುಬ್ಬಳ್ಳಿಯಿಂದ ನನ್ನ ಹೆಂಡತಿಯ ತಮ್ಮ ಬಂದ. ಇಂಜಿನಿಯರಿಂಗ್ ಓದುತ್ತಿದ್ದಾನೆ. "ಮಾವಾ, ರೋಲರಿನ ಸ್ಪ್ರಿಂಗ್ ಲೂಸ್ ಆಗ್ಯಾವು" ಎಂದು ಪಾನಾ ಹಿಡಿದು ಎರಡೂ ಕಡೆ ಬಿಗಿದ. ಒಳಗೆ ಎಳೆಯುವ ರೋಲರ್‌ಗೆ ಹಲ್ಲಿರುತ್ತವೆ. ಹಲಗೆಯನ್ನು ಕಚ್ಚಿ ಎಳೆಯುವುದು ಅದೇ. ಹೊರಗೆ ತಳ್ಳುವ ರೋಲರ್ ನುಣ್ಣಗಿರುತ್ತದೆ, ಯಾಕೆಂದರೆ ಕೆತ್ತಿದ ಮೇಲೆ ಗುರುತು ಬೀಳಬಾರದು. ಇವನು ಬಿಗಿದ ರಭಸಕ್ಕೆ ಹಲಗೆಯ ತುಂಬ ಅಡ್ಡಡ್ಡ ಗೆರೆ ಬಿದ್ದವು. ಬ್ಲೇಡು ತೆಳ್ಳಗೆ ಕೆತ್ತುತ್ತಿದ್ದರಿಂದ ಗೆರೆಗಳು ಹಾಗೇ ಉಳಿದವು. ಆ ಹಲಗೆಯನ್ನು ಮೂಲೆಗೆ ಒರಗಿಸಿದೆ. ಎರಡನೆಯ ಹಲಗೆ ಹೋಗಿ ಮತ್ತೆ ಸಿಕ್ಕಿಕೊಂಡಿತು.

ಕೊನೆಗೆ ಕಾಕಾಗೆ ಫೋನ್ ಮಾಡಿದೆ. ಹುಬ್ಬಳ್ಳಿಯ ಒಂದು ಸಾ ಮಿಲ್‌ನಲ್ಲಿ ಆಯುಷ್ಯ ಕಳೆದವರು. ಬಂದವರು ಪಾನಾ ಮುಟ್ಟಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಹಲಗಿ ನಿಂತಾಗ ರೋಲರ್ ತಿರಗತೈತೋ, ಅದೂ ನಿಂದರತೈತೋ?"

ಇದನ್ನು ಯಾರೂ ನೋಡಿರಲಿಲ್ಲ. ರೋಲರ್ ನಿಂತರೆ ರೋಗ ಪಟ್ಟಾದಲ್ಲೋ ಚೈನಿನಲ್ಲೋ ಇದೆ. ರೋಲರ್ ತಿರುಗುತ್ತಿದ್ದೂ ಹಲಗೆ ನಿಂತರೆ ಹಿಡಿತ ಸಾಲದು, ಇಲ್ಲವೇ ಹಲಗೆಗೆ ಎಲ್ಲೋ ಅಡ್ಡಿ ಇದೆ. ನಮ್ಮದು ತಿರುಗುತ್ತಿತ್ತು. ಮೇನ್ ಸ್ವಿಚ್ ತೆಗೆಸಿ, ಮೇಲಿನ ಮುಚ್ಚಳ ಬಿಚ್ಚಿಸಿದರು. ಮೊದಲು ಬ್ಲೇಡ್ ನೋಡಿದರು. ಬ್ಲೇಡ್ ಮೊಂಡಾಗಿದ್ದರೂ ಹಲಗೆ ಮುಂದೆ ಹೋಗುವುದಿಲ್ಲ. ನಮ್ಮದರಲ್ಲಿ ಸಾಣೆ ಇನ್ನೂ ಇತ್ತು.

ಆಮೇಲೆ ರೋಲರಿನ ಹಲ್ಲಿನ ಸಂದಿಗೆ ಮೊಳೆ ಹಾಕಿ ಕೆರೆದರು. ಕಪ್ಪಗೆ, ಗಟ್ಟಿಯಾಗಿ, ಹಳೇ ಬೆಲ್ಲದ ಹಾಗೆ ಚೂರು ಚೂರು ಉದುರಿತು. ಹಿಂದಿನ ತಿಂಗಳು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಕೆತ್ತಿದ್ದೆವು. ಅದರ ಅಂಟು, ಮೇಲೆ ಹೊಟ್ಟು, ಎರಡೂ ಸೇರಿ ಹಲ್ಲುಗಳ ಸಂದಿಯೇ ಮುಚ್ಚಿಹೋಗಿತ್ತು. ಕಚ್ಚಲು ಹಲ್ಲೇ ಇಲ್ಲದಿದ್ದರೆ ಸ್ಪ್ರಿಂಗ್ ಎಷ್ಟು ಬಿಗಿದರೇನು? "ಚಿಮಣಿ ಎಣ್ಣಿ ತಾ" ಎಂದರು. ಚಿಮಣಿ ಎಣ್ಣೆ ಈಗ ಎಲ್ಲಿ ಸಿಗುತ್ತದೆ? ಟರ್ಪೆಂಟೈನ್ ತಂದು, ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿದೆವು.

ಇನ್ನು ಹಲಗೆ ಜಾರುವ ಕೆಳಗಿನ ಬೆಡ್. ಮಳೆಗಾಲದ ತೇವಕ್ಕೆ ಅದರ ಮೇಲೆ ತೆಳ್ಳಗೆ ತುಕ್ಕು. ಕೈಯಾಡಿಸಿದರೆ ತರಿತರಿ. ಪಾಲೀಶ್ ಪೇಪರ್ ಹಾಕಿ ತಿಕ್ಕಿಸಿದರು. ನಾನು ಎಣ್ಣೆ ಡಬ್ಬಿ ತೆಗೆದರೆ ಕೈ ಹಿಡಿದರು. ಎಣ್ಣೆ ಹಲಗೆಗೆ ಹತ್ತಿದರೆ ಆಮೇಲೆ ಪಾಲೀಶ್ ಕೂಡುವುದಿಲ್ಲ. "ಮೇಣದಬತ್ತಿ ತಾ" ಎಂದರು. ಮನೆಯಲ್ಲಿದ್ದ ಅಷ್ಟೂ ಮೇಣದಬತ್ತಿ ಬೆಡ್ಡಿಗೆ ಸವೆದವು. ಅದೇ ಸಂಜೆ ಕರೆಂಟ್ ಹೋಯಿತು. ಅವ್ವ ಕತ್ತಲಲ್ಲೇ ಕೇಳಿದಳು, "ನಿನ್ನ ಮಷೀನಿಗೆ ಬೆಳಕ್ ಯಾಕ ಬೇಕಿತ್ತೋ?"

ಕೊನೆಗೆ ಉಳಿದದ್ದು ಬ್ಲೇಡಿನ ಹಿಂದೆ ಹಲಗೆಯನ್ನು ಅದುಮಿ ಹಿಡಿಯುವ ಪಟ್ಟಿ, ಪ್ರೆಶರ್ ಬಾರ್. ಇದು ಬ್ಲೇಡಿನ ತುದಿಗಿಂತ ಕೆಳಗೆ ಇಳಿದರೆ ಕೆತ್ತಿದ ಹಲಗೆ ನೇರ ಹೋಗಿ ಅದಕ್ಕೇ ಡಿಕ್ಕಿ ಹೊಡೆಯುತ್ತದೆ. ಕಾಕಾ ಹಳೇ ಹಲಗೆ ತೋರಿಸಿದರು. ಮೂತಿ ನಾಲ್ಕು ಬೊಟ್ಟು ನುಣ್ಣಗೆ, ಆಮೇಲೆ ಒರಟು. ಅಂದರೆ ಬ್ಲೇಡ್ ದಾಟಿದ ಮೇಲೆ ನಿಂತಿದೆ.

"ಈ ಸ್ಕ್ರೂ ಯಾರ್ ತಿರಿವಿದ್ರು?"

ಎಲ್ಲರೂ ಲಿಂಬಿಹಣ್ಣಿನ ಕಡೆ ನೋಡಿದೆವು. ನಮ್ಮ ಇಂಜಿನಿಯರ್ ಮೊಬೈಲ್ ನೋಡತೊಡಗಿದ. ಕಾಕಾ ಪಟ್ಟಿಯನ್ನು ಮೇಲೆತ್ತಿ ಸಮ ಮಾಡಿದರು, ಸ್ಪ್ರಿಂಗನ್ನು ಸಡಿಲಿಸಿದರು. ಹಲಗೆಯ ನೇರಕ್ಕೆ ನಿಂತಿದ್ದ ನನ್ನನ್ನು ಪಕ್ಕಕ್ಕೆ ಸರಿಸಿದರು. ಒಮ್ಮೊಮ್ಮೆ ಅದು ಹಿಂದಕ್ಕೆ ಒದೆಯುತ್ತದಂತೆ. ಸ್ವಿಚ್ ಹಾಕಿದ್ದೇ ತಡ, ಹಲಗೆ ಸರ್ರನೆ ಹೋಗಿ ಆ ಕಡೆ ಬಿತ್ತು. ತಳ್ಳಬೇಕಾಗಲೂ ಇಲ್ಲ.

ಅಷ್ಟರಲ್ಲಿ ಕೂಸಿನ ಅಜ್ಜಿ ತೊಟ್ಟಿಲು ಎಲ್ಲಿಗೆ ಬಂತೆಂದು ನೋಡಲು ಬಂದರು. ನುಣ್ಣನೆಯ ಹಲಗೆ ಮೇಲೆ ಕೈಯಾಡಿಸಿ "ಹೂಂ" ಅಂದರು. ಮೂಲೆಯಲ್ಲಿ ಒರಗಿಸಿದ್ದ ಹಲ್ಲಿನ ಗೆರೆಯ ಹಲಗೆ ಕಂಡಿತು. ಹತ್ತಿರ ಹೋಗಿ, ಕನ್ನಡಕ ಏರಿಸಿ ನೋಡಿದರು.

"ಈ ನಕ್ಷಿ ಭಾಳ ಚಂದ ಐತಿ ನೋಡ್ರಿ. ಎಲ್ಲಾ ಹಲಗಿಗೂ ಇದನ್ನ ಹಾಕ್ರಿ."

ಹೆಂಡತಿಯ ತಮ್ಮ ಖುಷಿಯಿಂದ ಪಾನಾ ಹುಡುಕತೊಡಗಿದ. ಕಾಕಾ ಅದನ್ನು ಆಗಲೇ ತಮ್ಮ ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿ ಬಸ್ಸಿಗೆ ಹೊರಟಿದ್ದರು.