ಅಗಲ ಒಂದನ್ನೇ ನೋಡಬೇಡಿ

ಕಡಲಲ್ಲಿ ಮೀನು ಹಿಡಿಯೋಕೆ ಅಗಲವಾದ ಕಯಾಕೇ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಬೇಕು ಅಂತ ಒಂದು ಲೇಖನದಲ್ಲಿ ಓದಿದೆ. ಅರ್ಧ ಮಾತ್ರ ಒಪ್ಪುತ್ತೇನೆ. ನನ್ನ ಮೊದಲನೆಯದು 10 ಅಡಿ ಉದ್ದ, 34 ಇಂಚು ಅಗಲ. ನಿಂತು ಗಾಳ ಎಸೆಯಬಹುದಿತ್ತು, ನಿಜ. ಆದರೆ ಎದುರುಗಾಳಿ ಬಂದರೆ ಹುಟ್ಟು ಹಾಕಿ ಹಾಕಿ ಭುಜ ಬಿದ್ದುಹೋಗುತ್ತಿತ್ತು, ದಡ ಮಾತ್ರ ಇದ್ದಷ್ಟೇ ದೂರ! ಈಗಿರುವುದು 14 ಅಡಿ, 28 ಇಂಚು. ನೀರಿಗೆ ತಾಗುವ ಉದ್ದ ಹೆಚ್ಚಿದರೆ ವೇಗವೂ ಜಾಸ್ತಿ, ಅಲ್ವಾ? ಹೊಸದರಲ್ಲಿ ಸ್ವಲ್ಪ ಅಲುಗಾಡಿದಂತೆ ಅನ್ನಿಸುತ್ತದೆ. ಆದರೆ ಪಕ್ಕಕ್ಕೆ ವಾಲಿದಾಗ ಒಂದು ಹಂತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಗಲವಾದ, ಚಪ್ಪಟೆ ತಳದ ಕಯಾಕ್ ಹಾಗಲ್ಲ, ಅಲೆ ವಾಲಿದ ಕಡೆ ತಾನೂ ವಾಲುತ್ತದೆ. ಒಳಗೆ ಕಾಲು ತೂರಿಸಿ ಕೂರುವುದಲ್ಲ, ಮೇಲೆ ಕೂರುವ ಮಾದರಿಯನ್ನೇ ತಗೊಳ್ಳಿ, ಮಗುಚಿದರೂ ತಿರುಗಿಸಿ ಹತ್ತಬಹುದು. ಆ ಹತ್ತೋದನ್ನು ಮೊದಲು ದಡದ ಹತ್ತಿರವೇ ಅಭ್ಯಾಸ ಮಾಡಿ, ಲೈಫ್ ಜಾಕೆಟ್ ಹಾಕಿಕೊಂಡು.