ಆನೆಗೆ ಒಂದು ಕಾಲರ್, ನಮಗೆ ಲೆಕ್ಕವಿಲ್ಲ

ಮೂಡಿಗೆರೆ ಕಡೆ ಬೆಳಗ್ಗೆ ಎದ್ದವರು ದೇವರ ಫೋಟೋಕ್ಕಿಂತ ಮೊದಲು ಕಾಫಿ ರೇಟ್ ನೋಡುತ್ತಾರೆ. ನಾನೂ ಅದೇ ಗುಂಪು. ಮೊನ್ನೆ ಫೋನ್ ತೆಗೆದೆ. ಪುಟ ತೆರೆಯುವ ಮೊದಲೇ ಒಂದು ಚೀಟಿ ಬಂತು: 'ನಿಮ್ಮ ಖಾಸಗಿತನ ನಮಗೆ ಮುಖ್ಯ.' ಕೆಳಗೆ ಹಲಸಿನ ಹಣ್ಣಿನಷ್ಟು ದಪ್ಪ 'ಒಪ್ಪಿಗೆ' ಗುಂಡಿ. 'ಬೇಡ' ಎನ್ನುವುದು ಮೂಲೆಯಲ್ಲಿ, ಬೂದು ಬಣ್ಣದಲ್ಲಿ, ಸಾಲಗಾರನ ಹಾಗೆ ಅಡಗಿ ಕೂತಿತ್ತು. ಒಪ್ಪಿದೆ. ತಕ್ಷಣ ಒಡವೆ ಅಂಗಡಿಯ ಮದುಮಗಳು ಪರದೆ ತುಂಬ ನಿಂತು ಹಾಡತೊಡಗಿದಳು. ಅವಳನ್ನು ಕಳಿಸಲು ಇಂಟು ಮಾರ್ಕ್ ಇಲ್ಲವೆಂದಲ್ಲ. ಇದೆ, ರಾಗಿ ಕಾಳಿನಷ್ಟು. ಕತ್ತಿ ಹಿಡಿದು ದಪ್ಪವಾದ ನನ್ನ ಬೆರಳಿಗೆ ಅದು ಎಲ್ಲಿ ಸಿಗಬೇಕು? ಒತ್ತಿದ್ದು ಇಂಟು, ತೆರೆದದ್ದು ಸಾಲ ಕೊಡುವ ಆಪ್.

ಅಂತೂ ರೇಟ್ ಕಂಡಿತು. ಓದುವಷ್ಟರಲ್ಲಿ ಸರ್ರನೆ ಕೆಳಗೆ ಬಿತ್ತು! ಎದೆ ಧಸಕ್ ಎಂದಿತು. ನೋಡಿದರೆ ಬಿದ್ದಿದ್ದು ರೇಟ್ ಅಲ್ಲ, ರೇಟ್ ಬರೆದ ಸಾಲು. ತಡವಾಗಿ ಬಂದ ಟ್ರ್ಯಾಕ್ಟರ್ ಜಾಹೀರಾತೊಂದು ಬಸ್ಸಿನಲ್ಲಿ 'ಸ್ವಲ್ಪ ಸರೀರಿ' ಅನ್ನುವವರ ಹಾಗೆ ಮೇಲೆ ಕೂತಿತ್ತು.

ಹೋದ ತಿಂಗಳು ಆನ್‌ಲೈನ್‌ನಲ್ಲಿ ಕಳೆ ಹೊಡೆಯುವ ಮೆಷಿನ್ ತರಿಸಿದೆ. ಅವತ್ತಿನಿಂದ ಎಲ್ಲಿ ಹೋದರೂ ಕಳೆ ಮೆಷಿನ್. ಪಂಚಾಂಗ ತೆಗೆದರೆ ಕಳೆ ಮೆಷಿನ್, ಮಳೆ ಎಷ್ಟು ಇಂಚು ಅಂತ ನೋಡಿದರೆ ಕಳೆ ಮೆಷಿನ್. ಮದುವೆಯಾದವನಿಗೆ ದಿನಾ ಹೆಣ್ಣು ತೋರಿಸುವುದು ಯಾವ ಊರಿನ ನ್ಯಾಯ?

ಸಕಲೇಶಪುರ, ಆಲೂರು ಕಡೆ ಕಾಡಾನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಎಲ್ಲಿದೆ ಅಂತ ಗೊತ್ತಾಗಲಿ ಎಂದು. ಆ ಕೆಲಸಕ್ಕೆ ಅರಿವಳಿಕೆ ಮದ್ದು ಬೇಕು, ಸಾಕಾನೆಗಳು ಬೇಕು, ಡಾಕ್ಟರು ಬೇಕು. ನಮಗೆ ಅದ್ಯಾವುದೂ ಬೇಡ. ಏನು ನೋಡುತ್ತೇವೆ ಅಂತ ಹಿಂಬಾಲಿಸಲು 'ಒಪ್ಪಿಗೆ' ಒತ್ತಿ ನಾವೇ ಕತ್ತು ಕೊಡುತ್ತೇವೆ.

1990ರ ದಶಕದಲ್ಲಿ, ಕರೆಯದೆಯೇ ಎದ್ದು ಬರುವ ಪಾಪ್-ಅಪ್ ಜಾಹೀರಾತಿಗೆ ಕೋಡ್ ಬರೆದ ಈಥನ್ ಝುಕರ್‌ಮನ್ 2014ರಲ್ಲಿ ಕ್ಷಮೆ ಕೇಳಿದರು. ಪುಣ್ಯಾತ್ಮ. ನಮ್ಮ ಕಾಡಿಗೆ ಲಂಟಾನ ಕಳೆ ತಂದವರು ಅಷ್ಟೂ ಮಾಡಲಿಲ್ಲ.

2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕರನ್ನು ಹೀಗೆ ಯಾಮಾರಿಸುವ 13 ಬಗೆಯ ಆಟಗಳ ಪಟ್ಟಿ ಮಾಡಿ, ಇನ್ನು ಇವು ಕೂಡದು ಎಂದಿತು. ಆ ಸುದ್ದಿಯನ್ನು ಓದಲು ಹೋದೆ. ಸುದ್ದಿಯ ಮೇಲೆ ಕಳೆ ಮೆಷಿನ್ ನಿಂತಿತ್ತು.

ಬೆಂಗಳೂರಿನಿಂದ ಬಂದ ಅಕ್ಕನ ಮಗ ನೋಡಲಾರದೆ ಫೋನ್ ಕಿತ್ತುಕೊಂಡ. "ಮಾವ, ಪುಟ ತೆರೆಯೋ ಬ್ರೌಸರ್ ಬದಲಾಯಿಸಿ, ಜಾಹೀರಾತು ತಡೆಯೋ ಬ್ಲಾಕರ್ ಹಾಕಿದ್ದೀನಿ. ಬ್ರೌಸರ್‌ಗೆ ತಾಂತ್ರಿಕ ಭಾಷೆಯಲ್ಲಿ ಯೂಸರ್ ಏಜೆಂಟ್ ಅಂತಾರೆ. ಅಂದ್ರೆ ನಿಮ್ಮ ಏಜೆಂಟ್."

"ಏಜೆಂಟಾ? ಹಾಗಾದ್ರೆ ಎರಡೂ ಕಡೆ ಕಮಿಷನ್ ತಿಂತಾನೆ ಬಿಡು" ಎಂದೆ. ಕಾಫಿ ಮಾರಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹುಡುಗ ನಗಲಿಲ್ಲ. ಕ್ರೋಮ್ ಬ್ರೌಸರ್ ಮಾಡುವ ಗೂಗಲ್‌ನ ದೊಡ್ಡ ಆದಾಯ ಜಾಹೀರಾತಿನದೇ, ಯುಬ್ಲಾಕ್ ಒರಿಜಿನ್ ಎಂಬ ಬ್ಲಾಕರ್ ಈಗ ಅದರಲ್ಲಿ ನಡೆಯುವುದಿಲ್ಲ, ಫೈರ್‌ಫಾಕ್ಸ್ ಎಂಬ ಇನ್ನೊಂದು ಬ್ರೌಸರ್‌ನಲ್ಲಿ ನಡೆಯುತ್ತದೆ ಎಂದ.

ಮಾರನೆ ದಿನ ಪುಟ ಹೊಳೆ ನೀರಿನಷ್ಟು ತಿಳಿ. ಎರಡು ನಿಮಿಷ ಅಷ್ಟೇ. 'ನೀವು ಆಡ್ ಬ್ಲಾಕರ್ ಬಳಸುತ್ತಿದ್ದೀರಿ, ನಮ್ಮ ಹೊಟ್ಟೆಪಾಡು ಯೋಚಿಸಿ' ಎಂಬ ಅಳು ಪರದೆ ತುಂಬಿತು. ಬೇಲಿ ಹಾಕಿದ್ದಕ್ಕೆ ದನದವನು ಪಂಚಾಯ್ತಿ ಸೇರಿಸಿದ ಹಾಗೆ! ಹೊಟ್ಟೆಪಾಡು ನಿಜವೇ, ಬರೆಯುವವರೂ ಉಣ್ಣಬೇಕಲ್ವಾ? ಪೇಪರಿನಲ್ಲೂ ಜಾಹೀರಾತಿತ್ತು. ಆದರೆ ಅದು ನಾನು ಓದುವ ಸಾಲಿನ ಮೇಲೆ ಮಲಗಿರಲಿಲ್ಲ, ನನ್ನ ಹಿಂದೆ ಮನೆವರೆಗೆ ಬಂದಿರಲಿಲ್ಲ.

"ರೇಟ್ ಎಷ್ಟಂತೆ?" ಒಳಗಿಂದ ಹೆಂಡತಿ ಕೂಗಿದಳು.

ಕಳೆ ಮೆಷಿನ್‌ದು ಬಾಯಿಪಾಠ ಬರುತ್ತದೆ. ಕಾಫಿದಕ್ಕೆ ಪಕ್ಕದ ತೋಟದವರಿಗೆ ಫೋನ್ ಹಚ್ಚಿದೆ.